ಹಗ್ಗದ ನರಳಾಟ

“ಅಯ್ಯನವರೇ, ದೇವರ ಜೊತೆ ದಿನವೂ ಜಗಳವಾಡಿದವನು ಬೇರೆಯವರಿಗೆ ‘ಹೆದರಬೇಡಿ, ನಂಬಿ’ ಎಂದು ಬೋಧಿಸಬಹುದೇ?”

ಕೇಳಿದವನು ಯೇಸುಮಿತ್ರ. ವೃದ್ಧ ಬೋಧಕರ ಕೈಕೆಳಗೆ ಸಭೆಯ ಕೆಲಸ ಕಲಿಯುತ್ತಿದ್ದ ಶಿಷ್ಯ. ಅದು ಊರಲ್ಲಿ ಜ್ವರ ಹಬ್ಬಿದ್ದ ವರ್ಷ. ಸಮಾಧಿಯ ಬಳಿ ಪ್ರಾರ್ಥನೆ ಓದಿ ಓದಿ ಅವನ ಗಂಟಲು ಒಣಗಿತ್ತು. ಕೊನೆಗೆ ತನ್ನ ಸ್ವಂತ ತಂಗಿಗೂ ಅವನೇ ಓದಬೇಕಾಯಿತು. ಈಗ ದೇವಾಲಯದ ಬೀಗದ ಕೈಯನ್ನು ತಂದು ಗುರುಗಳ ಮೇಜಿನ ಮೇಲೆ ಇಟ್ಟಿದ್ದ.

“ತಂಗಿ ಹೋದ ಮೇಲೆ ಪ್ರಾರ್ಥನೆಗೆ ಮೊಣಕಾಲೂರಿದರೆ ಸಾಕು, ಯಾಕೆ ಕಿತ್ತುಕೊಂಡೆ, ನಿಜವಾಗಿ ಇದ್ದೀಯಾ ಇಲ್ಲವಾ ಎಂದು ಒಳಗೆ ಕೂಗು ಏಳುತ್ತಿತ್ತು. ನಾಳೆ ನನ್ನ ಸರದಿಯೇನೋ ಎಂಬ ಹೆದರಿಕೆ ಬೇರೆ. ನಂಬಿಕೆ ಇದ್ದವನಲ್ಲಿ ಇಂಥ ಕೂಗು ಇರುವುದಿಲ್ಲ. ಅದಕ್ಕೇ ಪ್ರಾರ್ಥನೆ ಬಿಟ್ಟೆ. ಬಿಟ್ಟ ಮೇಲೆ ಒಳಗೆ ಸದ್ದಿಲ್ಲ. ಹಾಯಾಗಿದೆ. ಈ ಬೀಗದ ಕೈಯನ್ನು ಬೇರೆ ಯಾರಿಗಾದರೂ ಕೊಡಿ.”

ಬೋಧಕರು ಬೀಗದ ಕೈಯನ್ನು ನೋಡಿದರು, ಮುಟ್ಟಲಿಲ್ಲ. “ಕೊಡೋಣ. ಅವಸರವೇನು? ಕೂತುಕೋ,” ಎಂದು ಒಂದು ಕತೆ ಹೇಳಿದರು.

ಕಡಲತೀರದಲ್ಲಿ ಒಬ್ಬ ಮೀನುಗಾರನಿದ್ದ. ಅವನಿಗೆ ಗಂಡುಮಕ್ಕಳಿರಲಿಲ್ಲ. ಮಗಳನ್ನು ಬಯಲುಸೀಮೆಯವನೊಬ್ಬನಿಗೆ ಕೊಟ್ಟು, ಅಳಿಯನನ್ನು ಮನೆಯಲ್ಲೇ ಇಟ್ಟುಕೊಂಡ. ಅಳಿಯ ಗಟ್ಟಿ ಆಳು. ಆದರೆ ಹುಟ್ಟಿದಾಗಿನಿಂದ ಅವನು ಕಂಡಿದ್ದ ದೊಡ್ಡ ನೀರೆಂದರೆ ಊರ ಬಾವಿ. ಆಳವಾದ ಬಾವಿ, ನೀರು ಸೇದುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಹಗ್ಗ ನರಳಿತೆಂದರೆ ಹರಿಯುವ ಕಾಲ ಬಂತು, ಕೂಡಲೇ ಅದರ ಭಾರ ತಗ್ಗಿಸಬೇಕು ಎಂಬುದು ಬಾವಿಕಟ್ಟೆಯಲ್ಲಿ ಅವನು ಕಲಿತ ಪಾಠ. ಪಾಠವೇನೋ ಸರಿಯೇ, ಬಾವಿಕಟ್ಟೆಯ ಮಟ್ಟಿಗೆ.

ಒಂದು ದಿನ ಮಾವ ಅಳಿಯ ಮೀನು ಹಿಡಿದು ಮರಳುವಾಗ ನಡುಹಗಲಲ್ಲೇ ಬಿರುಗಾಳಿ ಎದ್ದಿತು. ಹೊಳೆ ಕಡಲಿಗೆ ಸೇರುವ ಜಾಗದಿಂದ ದೋಣಿ ಒಳಗೆ ಹೋಗಬೇಕು. ಆದರೆ ನೀರು ಇಳಿದಿತ್ತು. ಉಬ್ಬರ ಬರುವ ಮೊದಲೇ ನುಗ್ಗಿದರೆ ಮರಳ ದಿಬ್ಬಕ್ಕೆ ಬಡಿದು ಮಗುಚುವುದು ಖಂಡಿತ. ಹೊರಗೇ ನಿಂತು ಕಾಯಬೇಕು. ಬೆನ್ನ ಹಿಂದೆ ಬಂಡೆಗಳ ಸಾಲು. ಗಾಳಿ ದೋಣಿಯನ್ನು ಅತ್ತಲೇ ತಳ್ಳುತ್ತಿತ್ತು. ಮಾವ ಲಂಗರು ಇಳಿಸಿದ. ಹಗ್ಗ ಬಿಗಿಯಾಯಿತು. ದೋಣಿ ನಿಂತಿತು.

“ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು,” ಎಂದು ಅಳಿಯನ ಮುಖ ನೋಡಿ ನಕ್ಕು, ಮಾವ ದೋಣಿಯ ಹಿಂಬದಿಗೆ ಹೋದ. ಒಳಗೆ ನುಗ್ಗಿದ ನೀರನ್ನು ಮೊಗೆದು ಹೊರಗೆ ಚೆಲ್ಲತೊಡಗಿದ.

ಅಳಿಯ ಮುಂದೆ, ಹಗ್ಗದ ಪಕ್ಕ ಕುಳಿತಿದ್ದ. ಒಂದೊಂದು ಅಲೆಗೂ ಹಗ್ಗ ದೋಣಿಯ ಮರಕ್ಕೆ ಉಜ್ಜಿ ನರಳಿತು. ಒಂದೊಂದು ನರಳಿಕೆಗೂ ಅವನ ಜೀವ ಬಾಯಿಗೆ ಬಂತು. ಮಾವನನ್ನು ಕೇಳಬಹುದಿತ್ತು. ಹೆದರಿದವನಿಗೆ ಅಷ್ಟು ವ್ಯವಧಾನ ಎಲ್ಲಿ? ಗಾಳಿ ಒಂದಿಷ್ಟು ಬಿಡುವು ಕೊಟ್ಟಾಗ, ತೋಳಿನ ಬಲವನ್ನೆಲ್ಲ ಹಾಕಿ, ಬಾವಿಯಿಂದ ಕೊಡ ಸೇದುವ ಹಾಗೆ ಲಂಗರನ್ನು ನೆಲದಿಂದ ಮೇಲಕ್ಕೆ ಸೇದಿ ಹಗ್ಗ ಕಟ್ಟಿಬಿಟ್ಟ.

ನರಳಾಟ ನಿಂತಿತು. ದೋಣಿಯ ಕುಲುಕಾಟವೂ ಕಡಿಮೆಯಾಯಿತು. ಹೋದ ಜೀವ ಬಂದ ಹಾಗಾಗಿ ಅಳಿಯ ಕಾಲು ಚಾಚಿ ಕುಳಿತ.

ಮಾವ ನೀರು ಮೊಗೆಯುವುದನ್ನು ನಿಲ್ಲಿಸಿ ತಲೆಯೆತ್ತಿದ. “ಹಗ್ಗ ಯಾಕೆ ಸುಮ್ಮನಾಯ್ತು?”

“ನಾನೇ ಸುಮ್ಮನಾಗಿಸಿದೆ ಮಾವ. ಇನ್ನೇನು ಹರಿದೇ ಹೋಗ್ತಿತ್ತು. ಈಗ ಒಂಚೂರೂ ಸದ್ದಿಲ್ಲ ನೋಡಿ.”

ಮಾವ ಹಗ್ಗವನ್ನು ನೋಡಲಿಲ್ಲ. ತಿರುಗಿ ಬಂಡೆಗಳನ್ನು ನೋಡಿದ. ಅವುಗಳಿಗೆ ಅಂಟಿದ ಚಿಪ್ಪುಗಳು ಕಣ್ಣಿಗೆ ಕಾಣುವಷ್ಟು ಹತ್ತಿರ ಬಂದಿದ್ದವು. ಅವನು ಅಳಿಯನನ್ನು ದಾಟಿ ಮುಂದಕ್ಕೆ ಹಾರಿ, ಗಂಟು ಬಿಚ್ಚಿ, ಲಂಗರನ್ನು ಮತ್ತೆ ತಳಕ್ಕೆ ಬಿಟ್ಟ. ಹಗ್ಗ ಅವನ ಅಂಗೈಯ ಚರ್ಮ ಸುಲಿದುಕೊಂಡು ಓಡಿತು. ಲಂಗರು ನೆಲ ಕಚ್ಚಿತು. ಹುಟ್ಟು ಚಾಚಿದರೆ ಬಂಡೆಗೆ ತಾಗುವಷ್ಟು ದೂರದಲ್ಲಿ ದೋಣಿ ನಿಂತಿತು. ಹಗ್ಗ ಮತ್ತೆ ನರಳಿತು, ಮೊದಲಿಗಿಂತ ಜೋರಾಗಿ.

“ಕೇಳಿಸ್ತಾ?” ಎಂದ ಮಾವ, ರಕ್ತ ಸೋರುವ ಕೈಯನ್ನು ಬಟ್ಟೆಯಲ್ಲಿ ಸುತ್ತಿಕೊಳ್ಳುತ್ತ. “ಇದು ಹರಿಯೋ ಸದ್ದಲ್ಲ, ಹಿಡಿದಿರೋ ಸದ್ದು. ಎಷ್ಟು ಬೇಕಾದರೂ ಹೆದರಿಕೋ. ಹಗ್ಗದ ತಂಟೆಗೆ ಮಾತ್ರ ಹೋಗಬೇಡ.”

ಉಬ್ಬರ ಬರುವವರೆಗೆ ಹಗ್ಗ ನರಳುತ್ತಲೇ ಇತ್ತು. ಅಳಿಯ ನಡುಗುತ್ತಲೇ ಇದ್ದ. ನೀರು ಏರಿದ ಮೇಲೆ ಇಬ್ಬರೂ ಹೊಳೆಯೊಳಗೆ ಬಂದು ಮನೆ ಸೇರಿದರು.

ಬೋಧಕರು ಕತೆ ಮುಗಿಸಿದರು. ಯೇಸುಮಿತ್ರ ಕೇಳಿದ: “ಹಾಗಾದರೆ ನಾನು ದೇವರ ಮೇಲೆ ಕೂಗಾಡಿದ್ದು ಅಪನಂಬಿಕೆಯಲ್ಲವೇ, ಅಯ್ಯನವರೇ?”

“ಶಿಲುಬೆಯ ಮೇಲಿದ್ದವನೂ ‘ನನ್ನ ದೇವರೇ, ಯಾಕೆ ನನ್ನ ಕೈಬಿಟ್ಟೆ’ ಎಂದು ಕೂಗಿದ. ಯಾರನ್ನು ಕರೆದು ಕೂಗಿದ ಎಂಬುದನ್ನು ನೀನೇ ಸಭೆಗೆ ಓದಿ ಹೇಳಿದ್ದೀಯ.”

“ಇರಬಹುದು. ಆದರೆ ಈಗ ನನ್ನೊಳಗೆ ಯಾವ ಕೂಗೂ ಇಲ್ಲ. ನಿಜವಾಗಿ ಹಾಯಾಗಿದ್ದೇನೆ.”

ಬೋಧಕರು ಬೀಗದ ಕೈಯನ್ನು ಮೆಲ್ಲಗೆ ಅವನ ಕಡೆಗೆ ಸರಿಸಿದರು.

“ಬಂಡೆ ಎಷ್ಟು ಹತ್ತಿರ ಬಂದಿದೆ, ನೋಡಿದೆಯಾ ಮಗೂ?”