ಮೂರು ಮಡಕೆಯ ಊರು

“ಗುರುಗಳೇ, ಗಡಿಯ ಯುದ್ಧದಲ್ಲೂ ಆಮೇಲಿನ ಬರದಲ್ಲೂ ಸತ್ತ ಜನ ಎಷ್ಟು? ಒಬ್ಬರು ಎರಡು ಸಾವಿರ ಎನ್ನುತ್ತಾರೆ, ಇನ್ನೊಬ್ಬರು ಒಂಬತ್ತು ಸಾವಿರ ಎನ್ನುತ್ತಾರೆ. ಯಾರನ್ನು ನಂಬಲಿ?” ಎಂದು ಶಿಷ್ಯ ಮಡಿವಾಳಯ್ಯ ಕೇಳಿದ. ಪಾಪ, ಅವನ ತಲೆ ಕೆಟ್ಟುಹೋಗಿತ್ತು.

ಗುರುಗಳು ಹೇಳಿದರು:

ಒಬ್ಬ ರಾಜ ಯುದ್ಧ ಗೆದ್ದ. ಗೆದ್ದ ಮೇಲೆ ನೋಡಿದರೆ ಕಣಜದಲ್ಲಿ ಎರಡು ಬಂಡಿ ಜೋಳ ಉಳಿದಿತ್ತು. ದಂಡು ಹಾದುಹೋದ ಊರುಗಳು ಮೂರು. ಎಲ್ಲಿ ಹೆಚ್ಚು ಜನ ಸತ್ತಿದ್ದಾರೋ ಅಲ್ಲಿಗೆ ಬಂಡಿ ಕಳಿಸೋಣ, ಎಣಿಸಿ ಬಾ ಎಂದು ಕರಣಿಕನನ್ನು ಅಟ್ಟಿದ.

ಕರಣಿಕ ಮೊದಲನೆಯ ಊರಿನಲ್ಲೇ ದಿಕ್ಕು ತಪ್ಪಿದ. ಒಬ್ಬಳ ಗಂಡನನ್ನು ಸೈನಿಕರು ಮುಟ್ಟಿರಲಿಲ್ಲ. ಬಿತ್ತನೆಯ ಜೋಳ ಹೊತ್ತೊಯ್ದಿದ್ದರು, ಅವನು ನಾಲ್ಕು ತಿಂಗಳ ಮೇಲೆ ಸತ್ತಿದ್ದ. ಅವನು ಯುದ್ಧದ ಲೆಕ್ಕವೋ ಹಸಿವಿನ ಲೆಕ್ಕವೋ? ಇನ್ನೊಬ್ಬಳ ಮಗ ಊರು ಬಿಟ್ಟು ಹೋಗಿದ್ದ. ಇದ್ದಾನೋ ಇಲ್ಲವೋ ಅವಳಿಗೇ ಗೊತ್ತಿರಲಿಲ್ಲ.

ಕರಣಿಕ ಬುದ್ಧಿವಂತ. ಹೆಣಕ್ಕೊಂದು ಹೊಸ ಮಡಕೆ ಬೇಕು, ಚಿತೆ ಸುತ್ತಿ ಒಡೆಯಲು. ಮೂರೂ ಊರಿಗೆ ಮಡಕೆ ಕೊಡುವವನು ಒಬ್ಬನೇ ಕುಂಬಾರ. ನೇರವಾಗಿ ಅವನಲ್ಲಿಗೆ ಹೋದ. ಕುಂಬಾರ ಮುದುಕ, ಹಸಿವಿನಿಂದ ಕಾಲು ಊದಿ ಕುಳಿತಲ್ಲೇ ಕುಳಿತಿದ್ದ. ಆದರೆ ಮಡಕೆಗಳ ನೆನಪು ಕೆಟ್ಟಿರಲಿಲ್ಲ. ಮೊದಲನೆಯ ಊರಿಗೆ ಅರವತ್ತು, ಎರಡನೆಯದಕ್ಕೆ ನಲವತ್ತು, ಮೂರನೆಯದಕ್ಕೆ ಮೂರು ಎಂದ.

ಕರಣಿಕನಿಗೆ ಹಾಲು ಕುಡಿದಷ್ಟು ಸಂತೋಷ. ಉಳಿದೆರಡು ಊರಿಗೆ ನಡೆಯುವ ಶ್ರಮವೂ ತಪ್ಪಿತು. ಬರೆದುಕೊಂಡು ಎದ್ದ.

“ಬುದ್ಧಿ, ಮೂರನೇ ಊರಿಗೂ ಒಂದು ಬಂಡಿ ಕಳಿಸ್ರಿ. ನನ್ನ ಮಗಳನ್ನ ಅಲ್ಲೇ ಕೊಟ್ಟೀನ್ರಿ” ಎಂದ ಕುಂಬಾರ.

“ಅಲ್ಲಿ ಸತ್ತವರು ಮೂರೇ ಜನ ಅಲ್ಲವೇನಯ್ಯಾ?”

“ಮೂರು ಸಲ ಮಡಕೆ ಒಯ್ದರ್ರೀ. ಆಮೇಲೆ ಒಯ್ಯಾಕ ಯಾರೂ ಬರಲಿಲ್ರಿ. ಮೊನ್ನೆ ಮಾತ್ರ ಆ ಕಡೆ ಒಂದು ಮನ್ಯಾಗ ಹೊಗಿ ಕಂಡೀನ್ರಿ.”

ಕರಣಿಕ ಮೂರು ಎಂಬುದನ್ನು ಅಳಿಸಿದ. ಮುನ್ನೂರು ಎಂದು ಬರೆದ. ಅದನ್ನೂ ಅಳಿಸಿದ. ಓಡಿಹೋದವರೆಷ್ಟು, ಸತ್ತವರೆಷ್ಟು, ಯಾರನ್ನು ಕೇಳುವುದು? ಮತ್ತೆ ಮತ್ತೆ ಲೆಕ್ಕ ಹಾಕುತ್ತ ಅಲ್ಲೇ ನಿಂತ.

ಗುರುಗಳು ಮಾತು ನಿಲ್ಲಿಸಿದರು.

ಮಡಿವಾಳಯ್ಯನಿಗೆ ತಡೆಯಲಾಗಲಿಲ್ಲ. “ಕಡೆಗೆ ಎಷ್ಟು ಎಂದು ಬರೆದ, ಗುರುಗಳೇ?”

“ಬಂಡಿ ಹೋಯಿತೇ ಎಂದು ನೀನೂ ಕೇಳಲಿಲ್ಲವಲ್ಲ, ಮಡಿವಾಳಾ.”