ಪಟವಿಲ್ಲದ ಮೊಳೆ

ವಿಮಾ ಕಂಪನಿಯೊಂದರ ಹುಬ್ಬಳ್ಳಿ ಕಚೇರಿಯಲ್ಲಿ ಮೋಸ ಪತ್ತೆಹಚ್ಚುವ ವಿಭಾಗ ಇತ್ತು. ವಿಭಾಗ ಎಂದರೆ ದೊಡ್ಡದೇನಲ್ಲ. ಎರಡು ಮೇಜು, ಒಂದು ಹಳೇ ಜೀಪು, ಇಬ್ಬರು ಮನುಷ್ಯರು. ಹಿರಿಯರು ಗುರುಪಾದಪ್ಪ ಮ್ಯಾಗೇರಿ, ಮೂವತ್ತು ವರ್ಷ ಇದೇ ಕೆಲಸ ಮಾಡಿದವರು. ಕಿರಿಯ ಅನಿರುದ್ಧ ಕಟ್ಟಿ, ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. ಅಂಗಡಿ ಸುಟ್ಟಿತು, ಲಾರಿ ಕಳುವಾಯಿತು ಎಂದು ಯಾರಾದರೂ ವಿಮೆ ಕೇಳಿದರೆ, ಅದು ನಿಜವೋ ಸುಳ್ಳೋ ನೋಡಿಬರುವುದು ಇವರ ಕೆಲಸ.

ಗುರುಪಾದಪ್ಪನವರ ಹತ್ತಿರ ಒಂದು ಕಥೆ ಇತ್ತು. ಚಹಾ ಬಂದಾಗಲೆಲ್ಲ ಅದನ್ನು ಹೇಳುತ್ತಿದ್ದರು. ಒಬ್ಬ ಬಟ್ಟೆ ವ್ಯಾಪಾರಿ ತನ್ನ ಅಂಗಡಿಗೆ ತಾನೇ ಬೆಂಕಿ ಇಟ್ಟು, ವೈರು ಸುಟ್ಟು ಹೀಗಾಯಿತೆಂದು ಅತ್ತನಂತೆ. ಎಲ್ಲರೂ ನಂಬಿದರಂತೆ. ಗುರುಪಾದಪ್ಪ ಮಾತ್ರ ಗಲ್ಲಾಪೆಟ್ಟಿಗೆಯ ಮೇಲಿನ ಗೋಡೆ ನೋಡಿದರು. ಲಕ್ಷ್ಮಿಯ ಪಟ ಇರಬೇಕಾದಲ್ಲಿ ಬರೀ ಮೊಳೆ ಇತ್ತು. ಬೆಂಕಿ ಬಿದ್ದಾಗ ಪಟ ಅಲ್ಲೇ ಇದ್ದರೆ ಅದರ ಹಿಂದಿನ ಗೋಡೆ ಚೌಕಾಕಾರವಾಗಿ ಬೆಳ್ಳಗೆ ಉಳಿಯುತ್ತದೆ. ಇಲ್ಲಿ ಮೊಳೆಯ ಸುತ್ತ ಒಂದೇ ಸಮ ಮಸಿ. ಅಂದರೆ ಪಟ ಮೊದಲೇ ಹೊರಗೆ ಹೋಗಿತ್ತು.

"ಅಂಗಡಿ ಸುಡಾಕ ಧೈರ್ಯ ಇತ್ತು, ಲಕ್ಷ್ಮೀನ ಸುಡಾಕ ಇರಲಿಲ್ಲ ನೋಡ್ರಿ!" ಎಂದು ಅವರು ಮುಗಿಸಿದರೆ ಕಚೇರಿಯೆಲ್ಲ ನಗುತ್ತಿತ್ತು.

ಅನಿರುದ್ಧನೂ ನಗುತ್ತಿದ್ದ. ನಕ್ಕು ಸುಮ್ಮನಾಗಲಿಲ್ಲ, ತನ್ನ ಡೈರಿಯ ಮೊದಲ ಪುಟದಲ್ಲಿ ಬರೆದುಕೊಂಡ: "ಮೊದಲು ದೇವರ ಮೊಳೆ ನೋಡು."

ಆ ವರ್ಷ ದೀಪಾವಳಿಗೆ ಎರಡು ದಿನ ಇರುವಾಗ ರುದ್ರವ್ವ ಎಂಬಾಕೆಯ ಅಂಗಡಿ ಸುಟ್ಟುಹೋಯಿತು. ಆಕೆ ಕುಪ್ಪಸ ಹೊಲಿಯುವವಳು. ಮೂರು ಹೊಲಿಗೆ ಯಂತ್ರ ಹೋದವು. ಹಬ್ಬಕ್ಕೆಂದು ಗಿರಾಕಿಗಳು ಕೊಟ್ಟ ಬಟ್ಟೆಯೂ ಹೋಯಿತು. ವಿಮೆಯ ಹಣ ಬಂದರೆ ಮತ್ತೆ ಅಂಗಡಿ, ಇಲ್ಲದಿದ್ದರೆ ಇಲ್ಲ.

ಹಬ್ಬ ಮುಗಿದ ಮೇಲೆ ಅನಿರುದ್ಧ ನೋಡಲು ಹೋದ. ಬೀಗ ಯಾರು ಹಾಕಿದರು, ಹೊಗೆ ಮೊದಲು ಕಂಡವರು ಯಾರು ಎಂದು ಒಂದೊಂದೇ ಕೇಳಿದ. ರುದ್ರವ್ವ ಎಲ್ಲಕ್ಕೂ ಉತ್ತರ ಕೊಟ್ಟಳು. ಆಮೇಲೆ ಅವನ ಕಣ್ಣು ಗೋಡೆಗೆ ಹೋಯಿತು. ಅಲ್ಲೊಂದು ಮೊಳೆ. ಸುತ್ತ ಒಂದೇ ಸಮ ಮಸಿ.

"ಇಲ್ಲಿ ಯಾವ ದೇವರ ಪಟ ಇತ್ತವ್ವ?"

"ಎಲ್ಲಮ್ಮಂದು ರೀ, ಸಾಹೇಬ್ರ."

ಅಷ್ಟೇ ಸಾಕಾಯಿತು. ಅನಿರುದ್ಧ ಡೈರಿ ಮುಚ್ಚಿದ. ಕಚೇರಿಗೆ ಬಂದು ಎರಡು ಪುಟದ ವರದಿ ಬರೆದ. ಅಂಗಡಿ ಸುಡುತ್ತದೆ ಎಂಬುದು ಆಕೆಗೆ ಮೊದಲೇ ಗೊತ್ತಿತ್ತು, ಹಣ ಕೊಡಬಾರದು, ಪೊಲೀಸರಿಗೂ ದೂರು ಕೊಡಬೇಕು ಎಂದು ಬರೆದ. ಗುರುಗಳು ಬೆನ್ನು ತಟ್ಟುತ್ತಾರೆಂದು ಕಾದು ನಿಂತ.

ಗುರುಪಾದಪ್ಪ ವರದಿಯನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಪಟ ಅಲ್ಲಿ ಇರಲಿಲ್ಲ. ಖರೆ. ಹಂಗಾರ ಎಲ್ಲೈತಿ?"

"ಅದು... ಕೇಳಲಿಲ್ಲ ಸರ್. ನೀವ ಹೇಳಿದ್ರಲ್ಲ, ಬಟ್ಟಿ ವ್ಯಾಪಾರಿ ಕಥಿ."

"ಆ ವ್ಯಾಪಾರಿ ಪಟ ಎಲ್ಲಿ ಸಿಕ್ತು ಅಂತ ಹೇಳೇನೇನು ನಿನಗ?"

"ಇಲ್ಲ ಸರ್."

ಗುರುಪಾದಪ್ಪ ವರದಿಯನ್ನು ಮಡಚಿ ಅವನ ಕೈಗೆ ಕೊಟ್ಟರು. ಆಮೇಲೆ ಹೇಳಿದರು: "ಅವನ ಬೀಗರ ಮನ್ಯಾಗ ಸಿಕ್ತು. ಅದರ ಜೋಡಿ, ಸುಟ್ಟಾವು ಅಂತ ಹೇಳಿದ್ದ ಸೀರಿ ಗಂಟೂ ಸಿಕ್ಕವು. ಮೊಳಿ ನೋಡಿದ್ದು ಒಂದು ನಿಮಿಷ. ಪಟ ಹುಡುಕಿದ್ದು ಹನ್ನೊಂದು ದಿನ. ಆ ಹನ್ನೊಂದು ದಿನದ ಕಥಿಗೆ ಯಾರೂ ನಗೂದಿಲ್ಲ ಅಂತ ನಾನು ಬಿಟ್ಟಬಿಟ್ಟೆ. ತಪ್ಪು ನಂದೂ ಐತಿ. ಹೋಗು, ಪಟ ಹುಡುಕಿ ಬಾ."

ಅನಿರುದ್ಧ ಮತ್ತೆ ಹೋದ. ರುದ್ರವ್ವ ನೆರೆಮನೆಯ ಕಟ್ಟೆಯ ಮೇಲೆ ಎರವಲು ತಂದ ಯಂತ್ರದಲ್ಲಿ ಹೊಲಿಯುತ್ತಿದ್ದಳು. ಸುಟ್ಟ ಬಟ್ಟೆಗಳ ಬದಲಿಗೆ ತಾನೇ ಬಟ್ಟೆ ತಂದು, ಗಿರಾಕಿಗಳಿಗೆ ಒಂದೊಂದಾಗಿ ಹೊಲಿದು ಕೊಡುತ್ತಿದ್ದಳು.

"ರುದ್ರವ್ವ, ಆ ಪಟ ಈಗ ಎಲ್ಲದ?"

"ಕಟ್ಟು ಹಾಕೋ ಅಂಗಡ್ಯಾಗ ಐತ್ರಿ. ಹಬ್ಬಕ್ಕ ಸುಣ್ಣ ಹಚ್ಚಬೇಕಂತ ಇಳಿಸಿದ್ದೆ. ಗಾಜು ಸೀಳಿತ್ತು, ಹೊಸಾದು ಹಾಕಾಕ ಕೊಟ್ಟೆ." ಅವಳು ದಾರ ಕಡಿದು ತಲೆ ಎತ್ತಿದಳು. "ಆವತ್ತ ಅಷ್ಟೆಲ್ಲ ಕೇಳಿದ್ರಿ ಸಾಹೇಬ್ರ, ಇದೊಂದು ಕೇಳಲಿಲ್ರಿ."

"ಹಬ್ಬ ಮುಗೀತಲ್ಲ, ಯಾಕ ತರಲಿಲ್ಲ?"

"ತಂದು ಎಲ್ಲಿ ಹಾಕ್ಲಿ ರೀ?"

ಅನಿರುದ್ಧ ಆ ಅಂಗಡಿ ಹುಡುಕಿಕೊಂಡು ಹೊರಟ.

ಪಟಗಳಿಗೆ ಕಟ್ಟು ಹಾಕುವ ಅಂಗಡಿ ಅದೇ ಓಣಿಯ ಕೊನೆಗೆ ಇತ್ತು. ಎಲ್ಲಮ್ಮನ ಪಟ ಹೊಸ ಗಾಜಿನೊಂದಿಗೆ ತಯಾರಾಗಿ ಕೂತಿತ್ತು. ಹಿಂದೆ ಪೆನ್ಸಿಲಿನಲ್ಲಿ ರುದ್ರವ್ವನ ಹೆಸರು ಮತ್ತು ತಾರೀಖು. ಬೆಂಕಿ ಬೀಳುವ ಮೂರು ದಿನ ಮೊದಲಿನದು.

"ಇವರೊಬ್ಬರ ಕೊಟ್ಟಿದ್ರೇನು?" ಎಂದು ಅನಿರುದ್ಧ ಕೇಳಿದ.

ಅಂಗಡಿಯವನು ನಕ್ಕ. "ಒಬ್ಬರ ಅಂತೀರಲ್ರಿ! ದೀಪಾವಳಿ ವಾರದಾಗ ಈ ಓಣಿ ಅಂಗಡ್ಯಾಗ ದೇವರು ಎಲ್ಲಿರ್ತಾವ್ರಿ? ಎಲ್ಲಾ ನನ್ನ ಹತ್ರನ ಇರ್ತಾವು."

ಅನಿರುದ್ಧನಿಗೆ ನಾಚಿಕೆಯಾಯಿತು. ಅವನ ಲೆಕ್ಕದ ಪ್ರಕಾರ ಇಡೀ ಓಣಿಯೇ ಕಳ್ಳರ ಓಣಿಯಾಗಬೇಕಿತ್ತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರಲ್ಲ, ಹಾಗೆ.

ಪಟ ಸಿಕ್ಕಿತೆಂದು ಅವನು ಅಲ್ಲಿಗೇ ನಿಲ್ಲಿಸಲಿಲ್ಲ. ಮೂರು ದಿನ ಆ ಓಣಿಯಲ್ಲೇ ತಿರುಗಿದ. ವೈರುಗಳನ್ನು ಬಲ್ಲವರಿಗೆ ತೋರಿಸಿದ. ಪಕ್ಕದ ಅಂಗಡಿಯವರು ಹಬ್ಬದ ದೀಪದ ಸರಕ್ಕೆ ರುದ್ರವ್ವನ ಮೀಟರಿನಿಂದಲೇ ಕರೆಂಟು ಎಳೆದಿದ್ದರು. ಬೆಂಕಿ ಹತ್ತಿದ್ದು ಅಲ್ಲಿಂದ. ಮೊದಲಿನ ವರದಿಯನ್ನು ಹರಿದು, ಆಕೆಯದು ನಿಜವಾದ ನಷ್ಟ ಎಂದು ಹೊಸದು ಬರೆದ. ಆಮೇಲೆ ಅವಳ ಮುಂದೆ ನಿಂತು, "ನಿಮ್ಮ ಬಗ್ಗೆ ವರದ್ಯಾಗ ತಪ್ಪು ಬರದಿದ್ದೆ ಅವ್ವ, ಇನ್ನೂ ಕಳಿಸಿರಲಿಲ್ಲ. ಕ್ಷಮಾ ಮಾಡ್ರಿ" ಅಂದ.

"ಕಳಸೂಕ್ಕಿಂತ ಮೊದಲ ತಿರುಗಿ ಬಂದ್ರಲ್ಲ, ಬಿಡ್ರಿ" ಎಂದಳು ರುದ್ರವ್ವ. ಆದರೆ ಅವಳ ಕಣ್ಣುಗಳು ತುಂಬಿದ್ದವು.

ವಿಮೆಯ ಹಣ ಬಂತು, ಅಂಗಡಿಗೆ ಮತ್ತೆ ಸುಣ್ಣ ಬಿತ್ತು. ಅದೇ ಮೊಳೆಗೆ ಎಲ್ಲಮ್ಮ ಬಂದು ಕೂತಳು. ಅನಿರುದ್ಧ ಡೈರಿಯ ಮೊದಲ ಪುಟ ತೆಗೆದು, ಹಳೆಯ ಸಾಲಿನ ಕೆಳಗೆ ಇನ್ನೊಂದು ಬರೆದ: "ಆಮೇಲೆ ಪಟ ಹುಡುಕು."

ಗುರುಪಾದಪ್ಪ ಈಗಲೂ ಚಹಾ ಬಂದಾಗ ಆ ಕಥೆ ಹೇಳುತ್ತಾರೆ. ಹನ್ನೊಂದು ದಿನವನ್ನೂ ಬಿಡದೆ ಹೇಳುತ್ತಾರೆ. ಮೊದಲಿನಷ್ಟು ಯಾರೂ ನಗುವುದಿಲ್ಲ. ಚಹಾ ಆರಿಹೋಗುತ್ತದೆ, ಅವರು ಬಿಡುವುದಿಲ್ಲ.

ನೀತಿ: ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಒಬ್ಬ ಕಳ್ಳನನ್ನು ಹಿಡಿದುಕೊಟ್ಟ ಗುರುತು ಎಲ್ಲರನ್ನೂ ಕಳ್ಳರನ್ನಾಗಿ ಮಾಡುವುದಿಲ್ಲ. ಸಂಶಯ ಬಂದರೆ ತಪ್ಪಲ್ಲ. ಕೇಳಬೇಕಾದ ಇನ್ನೊಂದು ಪ್ರಶ್ನೆಯನ್ನು ಕೇಳದೆ ತೀರ್ಪು ಬರೆಯುವುದು ತಪ್ಪು. ಕಲಿಸುವವರೂ ಪಾಠವನ್ನು ಅರ್ಧಕ್ಕೆ ನಿಲ್ಲಿಸಬಾರದು.