ನುಣುಪು ಗೋಡೆಯ ರಂಗಶಾಲೆ

ನದೀತೀರದ ಆಶ್ರಮದಲ್ಲಿ ಶಿಲ್ಪವಿದ್ಯೆ ಕಲಿಸುತ್ತಿದ್ದ ಬೈಚೋಜರಿಗೆ ಕೇತೋಜನೆಂಬ ಶಿಷ್ಯನಿದ್ದ. ಅವನು ಊರಿನವರಿಗಾಗಿ ಒಂದು ರಂಗಶಾಲೆ ಕಟ್ಟಿದ. ಅವನ ಕೈಯ ಮೊದಲ ಕಟ್ಟಡ ಅದು.

ರಂಗಶಾಲೆ ನೀರಿನ ಕೊಡದ ಹೊಟ್ಟೆಯಂತೆ ಗುಂಡಗಿತ್ತು. ಒಳಗೋಡೆಗೆ ಗಾರೆ ಬಳಿದು, ಬೆಣಚುಕಲ್ಲಿನಿಂದ ಮೂರು ತಿಂಗಳು ತಿಕ್ಕಿದ್ದ. ಅದರಲ್ಲಿ ಮುಖ ನೋಡಿಕೊಂಡು ಕುಂಕುಮ ಇಡಬಹುದಿತ್ತು.

ಊರಿನ ಹೆಗ್ಗಡೆಯವರು ಮೊದಲೇ ಒಂದು ಮಾತು ಹೇಳಿಟ್ಟಿದ್ದರು. ಯುಗಾದಿಯ ನಾಟಕದ ಮಾತು ಜನರಿಗೆ ಕೇಳಿಸದಿದ್ದರೆ ಶಾಲೆಯನ್ನು ಭತ್ತದ ಕಣಜ ಮಾಡಿಬಿಡುವುದೆಂದು.

ಕೇತೋಜನಿಗೆ ಆ ಭಯವಿರಲಿಲ್ಲ. ದಿನವೂ ರಂಗದೆದುರಿಗೆ ಹೆಗ್ಗಡೆಯವರಿಗಾಗಿ ಇಟ್ಟಿದ್ದ ಪೀಠದ ಬಳಿಯೇ ನಿಂತು ಪರೀಕ್ಷಿಸುತ್ತಿದ್ದ. ರಂಗದ ಮೇಲೆ ನಟ ಪಿಸುಗುಟ್ಟಿದರೂ ಕಿವಿಯಲ್ಲೇ ಹೇಳಿದಂತಿರುತ್ತಿತ್ತು.

ಹಬ್ಬಕ್ಕೆ ಹದಿನೈದು ದಿನವಿರುವಾಗ ಗುರುಗಳು ನೋಡಲು ಬಂದರು. ಹೆಗ್ಗಡೆಯವರನ್ನು ಪೀಠದಲ್ಲಿ ಕೂರಿಸಿ, ಕೆಲಸದವರನ್ನು ಸಾಲುಸಾಲಾಗಿ ಕೂರಿಸಿದರು. ಶಿಷ್ಯನನ್ನು ಕೊನೆಯ ಸಾಲಿಗೆ, ಗಾರೆ ಅರೆಯುವ ಮಾದವ್ವನ ಪಕ್ಕಕ್ಕೆ ಕಳುಹಿಸಿದರು. ಆಮೇಲೆ ರಂಗದ ಮೇಲಿದ್ದ ನಾಟಕದ ಹಾಸ್ಯಗಾರನಿಗೆ ಒಂದು ನಗೆಮಾತು ಹೇಳೆಂದು ಸನ್ನೆ ಮಾಡಿದರು.

ಹೆಗ್ಗಡೆಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಬೇರೆ ಯಾರೂ ನಗಲಿಲ್ಲ.

ಕೇತೋಜನಿಗೆ ಕೇಳಿಸಿದ್ದು ಜೇನು ಮೊರೆದಂಥ ಸದ್ದು ಮಾತ್ರ.

“ದೊಡ್ಡವರಿಗೆ ಇದ್ದಕ್ಕಿದ್ದಂತೆ ಏನಾಯಿತಪ್ಪ?” ಎಂದಳು ಮಾದವ್ವ. “ತಲೆಗೆ ನಿಂಬೆಹಣ್ಣು ತಿಕ್ಕಬೇಕೇನೋ.”

ಕೊನೆಯ ಸಾಲು ಆಗ ನಕ್ಕಿತು.

ಕೇತೋಜನ ಮುಖ ಕಪ್ಪಿಟ್ಟಿತು. ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕೂ ಇಲ್ಲ, ತಪ್ಪೆಲ್ಲಿ ಎಂದು ಗುರುಗಳನ್ನು ಕೇಳಿದ.

ಗುರುಗಳು ಹಿಡಿ ಹುಣಸೆಬೀಜ ತರಿಸಿ, ರಂಗದ ಮೇಲೆ ನಿಂತು ಸುತ್ತಲ ಗೋಡೆಗೆ ಬೀಸಿದರು. ಬೀಜಗಳು ಪುಟಿದು, ಬಹುಪಾಲು ಹೆಗ್ಗಡೆಯವರ ಮಡಿಲಿಗೇ ಬಂದು ಬಿದ್ದವು.

“ಮಾತೂ ಹೀಗೆಯೇ ಹೋಗುತ್ತದೆಯೇ?” ಎಂದ ಕೇತೋಜ.

ಗುರುಗಳು ಅವನ ಕೈಗೆ ಉಳಿ ಕೊಟ್ಟರು.

“ಈ ನುಣುಪನ್ನು ಒಡೆಯಬೇಕೇ, ಗುರುಗಳೇ? ಮೂರು ತಿಂಗಳು ತಿಕ್ಕಿದ್ದೇನೆ.”

“ಹಾಗೇ ಬಿಡು. ಕಣಜಕ್ಕೆ ನುಣುಪು ಗೋಡೆ ಒಳ್ಳೆಯದು, ಇಲಿ ಹತ್ತುವುದಿಲ್ಲ.”

ಮೊದಲ ಏಟು ಹಾಕುವಾಗ ಕೇತೋಜ ಕಣ್ಣು ಮುಚ್ಚಿಕೊಂಡ. ಹತ್ತನೆಯ ಏಟಿಗೆ ತೆರೆದ. ಪುಟಿದ ಮಾತು ನಾಲ್ಕೂ ಕಡೆಗೆ ಚದುರಲೆಂದು ಗೋಡೆಯುದ್ದಕ್ಕೂ ಗೂಡು ಕೊರೆದ, ಗೋಡೆಗೆ ಅಂಟಿದಂತೆ ಅರೆಗಂಬ ನಿಲ್ಲಿಸಿದ, ಗಾರೆಯನ್ನು ಸೀರೆಯ ನೆರಿಗೆಯಂತೆ ಮಡಿಸಿದ. ದಿನಕ್ಕೊಂದು ಸಾಲಿನಲ್ಲಿ ಕುಳಿತು ಕೇಳಿದ.

ಯುಗಾದಿಯ ದಿನ ಹಾಸ್ಯಗಾರ ಬಾಯಿ ತೆರೆದ. ಇಡೀ ಶಾಲೆ ಒಟ್ಟಿಗೆ ನಕ್ಕಿತು. ಮಾದವ್ವನಂತೂ ಸೆರಗಿನಿಂದ ಕಣ್ಣೊರೆಸಿಕೊಂಡು, ಸ್ವಲ್ಪ ಸುಮ್ಮನಿರಪ್ಪ, ಪಕ್ಕೆ ನೋಯುತ್ತಿದೆ ಎಂದು ಹಾಸ್ಯಗಾರನನ್ನು ಗೋಗರೆದಳು. ಕಣಜವನ್ನು ಬೇರೆಡೆ ಕಟ್ಟಿಸೋಣವೆಂದು ಹೆಗ್ಗಡೆಯವರು ನಗುತ್ತಲೇ ಸಾರಿದರು.

ನಾಟಕ ಮುಗಿದ ಮೇಲೆ ಅವರು ಕೇತೋಜನನ್ನು ಕರೆದು, ಮೊದಲಿನಂತೆ ಪಿಸುಮಾತು ತಮ್ಮ ಪೀಠದವರೆಗೆ ಬರುತ್ತಿಲ್ಲವಲ್ಲ ಎಂದು ಗೊಣಗಿದರು.

ಕೇತೋಜ ಗುರುಗಳ ಬಳಿಗೆ ಓಡಿದ.

“ಹೆಗ್ಗಡೆಯವರ ಪಾಲು ಕಡಿಮೆಯಾಯಿತಂತೆ, ಗುರುಗಳೇ.”

“ಅವರ ಪಾಲು ಅವರಿಗಿದೆ,” ಎಂದರು ಗುರುಗಳು. “ಅಂದು ಅವರಿಗೆ ಹೆಚ್ಚಾಗಿ ಕೇಳಿಸಿದ್ದು ಮಾದವ್ವನ ಪಾಲು.”